ಬ್ರಹ್ಮಾವರ ಕಡೆಯವನು, ಎಎ ಸಭೆಗೆ ಹೋಗಬೇಕೆಂದಿದ್ದೇನೆ. ಗುರುತಿನವರು ಸಿಕ್ಕಿಬಿಟ್ಟರೆ?

ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ), ಅಂದರೆ ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು, ಅದರ ಸಭೆ ಎಲ್ಲಿ ಹುಡುಕಲಿ, ಚರ್ಚ್ ಕಡೆಯವರದ್ದಂತೆ ನಾನು ಹೋಗಬಹುದಾ, ಊರಿನವರು ನೋಡಿದರೆ ಏನು ಗತಿ ಅಂತ ಕೇಳಿದ್ದೀರಿ. ನಿಮ್ಮನ್ನು ನಿಜವಾಗಿ ತಡೆಯುತ್ತಿರುವುದು ಕೊನೆಯದು ಅಂತ ಕಾಣುತ್ತದೆ. ಅದರಿಂದಲೇ ಶುರು ಮಾಡುತ್ತೇನೆ.

ನಾನು ಕುಡಿತ ಬಿಟ್ಟು ಕೆಲವು ವರ್ಷ ಆಯಿತು. ಮೊದಮೊದಲು ಇದೇ ಹೆದರಿಕೆಯಿಂದ ಉಡುಪಿ ಬಿಟ್ಟು ಮಂಗಳೂರಿನ ಸಭೆಗೆ ಹೋಗುತ್ತಿದ್ದೆ. ಅಲ್ಲಿ ಒಬ್ಬರು ಮಂಗಳೂರಿನವರೇ, ಶುರುವಿನಲ್ಲಿ ಇದೇ ಕಾರಣಕ್ಕೆ ಉಡುಪಿಗೆ ಬರುತ್ತಿದ್ದರಂತೆ! ಹಾಗೆ ಮಾಡುವುದರಲ್ಲಿ ತಪ್ಪೇನಿಲ್ಲ. ದೂರದ ಊರಾದರೆ ಒಳಗೆ ಕಾಲಿಡಲು ಧೈರ್ಯ ಬರುತ್ತದೆ. ಆದರೆ ಅದನ್ನೇ ಅಭ್ಯಾಸ ಮಾಡಿಕೊಳ್ಳಬೇಡಿ. ಆಟಿ ತಿಂಗಳ ಮಳೆಯಲ್ಲಿ, ಕೆಲಸ ಮುಗಿಸಿ, ಮಂಗಳೂರಿನ ಬಸ್ಸು ಹತ್ತುವ ಹೊತ್ತಿಗೆ ಮನಸ್ಸು ನೂರು ನೆಪ ಹುಡುಕುತ್ತದೆ. ದಾರಿಯುದ್ದಕ್ಕೂ ಬಾರ್‌ಗಳ ಬೋರ್ಡ್ ಬೇರೆ.

ಹಾಗಾಗಿ ನಾನು ಹೇಳುವುದು ಇಷ್ಟು: ಗುಟ್ಟಿಗಿಂತ ಹತ್ತಿರ ಮುಖ್ಯ. ಇನ್ನೊಂದು, ನೀವು ಕುಡಿಯಲು ಕೂರುವ ಹೊತ್ತಿಗೇ ನಡೆಯುವ ಸಭೆ ಸಿಕ್ಕರೆ ಅದನ್ನೇ ಹಿಡಿಯಿರಿ. ಸಂಜೆ ಏಳಕ್ಕೆ ಕಾಲು ತನ್ನಷ್ಟಕ್ಕೆ ವೈನ್ ಶಾಪ್ ಕಡೆ ತಿರುಗುವವರಿಗೆ ಆ ಹೊತ್ತು ಕಳೆಯುವುದೇ ದೊಡ್ಡ ಕೆಲಸ. ಬೆಳಿಗ್ಗೆ ಹತ್ತಕ್ಕೆ ನಾವೆಲ್ಲ ಒಳ್ಳೆಯವರೇ, ಅಲ್ವಾ?

ಗುರುತಿನವರು ಸಿಕ್ಕೇ ಸಿಗುತ್ತಾರೆ, ನನಗೂ ಸಿಕ್ಕಿದರು. ಅವರೂ ಅದೇ ಬೆಂಚಿನಲ್ಲಿ ಕೂತಿದ್ದರು. ಅಲ್ಲಿ ಯಾರನ್ನು ನೋಡಿದೆವು, ಏನು ಕೇಳಿದೆವು ಎನ್ನುವುದನ್ನು ಹೊರಗೆ ಹೇಳುವಂತಿಲ್ಲ. ಸಂತೆಯಲ್ಲಿ ಸಿಕ್ಕರೆ ಸುಮ್ನೆ 'ಹೇಗಿದ್ದೀರಿ' ಅಷ್ಟೇ. ಬಾರ್ ಎದುರು ತೂರಾಡುತ್ತಾ ನಿಂತದ್ದನ್ನು ನೋಡಿದವರು ಎಷ್ಟು ಜನ ಅಂತ ಒಮ್ಮೆ ಲೆಕ್ಕ ಹಾಕಿದರೆ ಈ ಹೆದರಿಕೆ ಸ್ವಲ್ಪ ಇಳಿಯುತ್ತದೆ.

ಚರ್ಚ್ ವಿಷಯ. ಕೆಲವು ಸಭೆಗಳು ಚರ್ಚಿನ ಅಥವಾ ಶಾಲೆಯ ಕೋಣೆಯಲ್ಲಿ ನಡೆಯುತ್ತವೆ, ಕೋಣೆ ಸುಲಭವಾಗಿ ಸಿಗುತ್ತದೆ ಅಂತ. ಎಎ ಯಾವ ಧರ್ಮಕ್ಕೂ ಸೇರಿದ್ದಲ್ಲ. ಅದು ಹುಟ್ಟಿದ್ದು 1935ರಲ್ಲಿ ಅಮೆರಿಕದಲ್ಲಿ, ಕುಡಿತದಿಂದ ಸೋತ ಇಬ್ಬರು ಎದುರುಬದುರು ಕೂತು ಮಾತಾಡಿದ್ದರಿಂದ. ಅವರಲ್ಲೊಬ್ಬರು ಸ್ವತಃ ಸರ್ಜನ್. ಇವತ್ತಿಗೂ ಅಲ್ಲಿ ಮುಂದೆ ನಿಂತು ಪಾಠ ಹೇಳುವ ಡಾಕ್ಟರಾಗಲಿ ಸ್ವಾಮಿಗಳಾಗಲಿ ಇಲ್ಲ. ಕುಡಿತ ಬಿಡಲು ಎಎ ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ, ಅದು ನಿಜ. ಆದರೆ ಯಾವ ದೇವರು ಅನ್ನುವುದು ನಿಮಗೆ ಬಿಟ್ಟದ್ದು. ದೇವರನ್ನೇ ನಂಬದವರೂ ಬರುತ್ತಾರೆ. ಕುಡಿತ ನಿಲ್ಲಿಸುವ ಆಸೆ ಇರಬೇಕು, ಬೇರೆ ಅರ್ಹತೆ ಬೇಡ.

ಮೊದಲ ದಿನ ಬಾಗಿಲ ಹತ್ತಿರ ಕೂತುಕೊಳ್ಳಿ. ಒಬ್ಬೊಬ್ಬರಾಗಿ ಹೆಸರು ಹೇಳಿ, 'ನಾನು ಮದ್ಯವ್ಯಸನಿ' ಅಂತ ಹೇಳಿ, ತಮ್ಮ ಕಥೆ ಹೇಳುತ್ತಾರೆ. ಕನ್ನಡದಲ್ಲಿ ಶುರುವಾದದ್ದು ತುಳುವಿಗೋ ಕೊಂಕಣಿಗೋ ಹೊರಳುತ್ತದೆ, ಅಳು ಬಂದಾಗ ಮನೆಮಾತೇ ಬರುವುದು. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದಾಗ 'ಇವತ್ತು ಕೇಳುತ್ತೇನೆ' ಅಂದರೆ ಸಾಕು. ಶುಲ್ಕ ಇಲ್ಲ. ಖರ್ಚಿಗೆಂದು ಕಾಣಿಕೆ ಸಂಗ್ರಹಿಸುತ್ತಾರೆ, ಮೊದಲ ಸಲ ಬಂದವರು ಹಾಕಬೇಕಾಗಿಲ್ಲ. ಮುಗಿದ ತಕ್ಷಣ ಓಡಬೇಡಿ. ಆಮೇಲೆ ಹೊರಗೆ ನಿಂತು ಆಡುವ ಮಾತಿನಲ್ಲೇ ನನಗೆ ಜಾಸ್ತಿ ಉಪಯೋಗ ಆಯಿತು. ಇಬ್ಬರ ಫೋನ್ ನಂಬರ್ ತೆಗೆದುಕೊಳ್ಳಿ.

ಹುಡುಕುವುದು ಹೇಗೆ? ಇಂಟರ್‌ನೆಟ್ಟಿನ ಪಟ್ಟಿಯನ್ನು ಪೂರ್ತಿ ನಂಬಬೇಡಿ, ಜಾಗ ಮತ್ತು ಸಮಯ ಬದಲಾಗಿರುತ್ತದೆ. ಫೋನ್ ಮಾಡಿಯೇ ಹೊರಡಿ. ಮಣಿಪಾಲದ ಕೆಎಂಸಿ, ಉಡುಪಿ ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆ, ಕಂಕನಾಡಿಯ ಫಾದರ್ ಮುಲ್ಲರ್, ಇಲ್ಲೆಲ್ಲ ಮಾನಸಿಕ ರೋಗ ವಿಭಾಗದ ಕೌನ್ಸೆಲರ್‌ಗಳನ್ನು ವಿಚಾರಿಸಬಹುದು. 14446 ಸರಕಾರದ ಉಚಿತ ಸಹಾಯವಾಣಿ.

ಬೆಳಿಗ್ಗೆ ಎದ್ದಾಗ ಕೈ ನಡುಗುತ್ತದಾ, ಬೆವರುತ್ತದಾ? ಹಾಗಿದ್ದರೆ ಸಭೆಗಿಂತ ಮೊದಲು ಡಾಕ್ಟರ್. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಇಲ್ಲದ್ದೆಲ್ಲ ಕಾಣುತ್ತದೆ, ಕೇಳುತ್ತದೆ, ಜೀವಕ್ಕೇ ಅಪಾಯ. ಇದಕ್ಕೆ ಔಷಧ ಇದೆ, ಬಿ1 ವಿಟಮಿನ್ ಇಂಜೆಕ್ಷನ್ನೂ ಕೊಡುತ್ತಾರೆ. 'ಮನಸ್ಸು ಗಟ್ಟಿ ಮಾಡು' ಅನ್ನುವವರ ಮಾತು ಇಲ್ಲಿ ಕೇಳಬೇಡಿ.

ಧರ್ಮಸ್ಥಳದವರ ಮದ್ಯವರ್ಜನ ಶಿಬಿರದ ಬಗ್ಗೆಯೂ ನಿಮಗೆ ಯಾರಾದರೂ ಹೇಳಿರುತ್ತಾರೆ. ಅದರ ದಾರಿ ಪೂರ್ತಿ ಬೇರೆ. ಎಂಟು ದಿನ ಊರಿನ ಸಭಾಭವನದಲ್ಲೇ ಇರಬೇಕು. ಭಜನೆ, ವ್ಯಾಯಾಮ, ಕೌನ್ಸೆಲಿಂಗ್, ಮನೆಯವರೂ ಬರುತ್ತಾರೆ. ಗುಟ್ಟು ಅನ್ನುವುದೇ ಇಲ್ಲ, ಊರಿಗೆ ಊರೇ ಸಾಕ್ಷಿ. ಕೆಲವರಿಗೆ ಅದೇ ಬಲ, ಇಷ್ಟು ಜನರೆದುರು ಹೇಳಿ ಆಮೇಲೆ ಮತ್ತೆ ಕುಡಿಯುವುದು ಹೇಗೆ ಅಂತ. ನನ್ನ ಸ್ವಭಾವಕ್ಕೆ ಅದು ಆಗುತ್ತಿರಲಿಲ್ಲ. ನನ್ನ ಅಣ್ಣನ ಸ್ನೇಹಿತರೊಬ್ಬರಿಗೆ ಮಾತ್ರ ಅದೇ ಹಿಡಿಸಿತು. ಶಿಬಿರದ ನಂತರ ನವಜೀವನ ಸಮಿತಿ ಅಂತ ಮಾಡಿಕೊಂಡು ಸೇರುತ್ತಿರುತ್ತಾರೆ, ಅದನ್ನು ತಪ್ಪಿಸದವರು ಉಳಿದುಕೊಳ್ಳುವುದನ್ನು ನೋಡಿದ್ದೇನೆ.

ಮನೆಯಲ್ಲಿ ಹೆಂಡತಿಯೋ ಅಮ್ಮನೋ ನಾನೂ ಬರುತ್ತೇನೆ ಅಂದರೆ ಅದು ಓಪನ್ ಮೀಟಿಂಗಾ ಅಂತ ಮೊದಲೇ ಕೇಳಿ. ಕ್ಲೋಸ್ಡ್ ಮೀಟಿಂಗಿಗೆ ನಾವು ಕುಡುಕರು ಮಾತ್ರ. ಮನೆಯವರಿಗೆಂದೇ ಅಲ್-ಅನಾನ್ ಅಂತ ಬೇರೆ ಗುಂಪಿದೆ. ಒತ್ತಾಯ ಬೇಡ, ಹೆಸರು ಹೇಳಿಟ್ಟಿರಿ. ಹೋಗುವುದು ಬಿಡುವುದು ಅವರಿಷ್ಟ.