ಓದುಗರ ಪ್ರಶ್ನೆ: ಕಬುಕಿ ನಟರ ಅಚ್ಚುಚಿತ್ರಗಳು

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಒಂದು ಜಪಾನಿ ಚಿತ್ರ ಸಿಕ್ಕಿದೆ. ಯಕ್ಷಗಾನದ ಬಣ್ಣದ ವೇಷದ ಹಾಗೆ ಮುಖದಲ್ಲಿ ಕೆಂಪು ಗೆರೆಗಳು, ಇಟ್ಟಿಗೆ ಬಣ್ಣದ ಅಗಲ ತೋಳಿನ ಮೇಲೆ ಒಂದರೊಳಗೊಂದು ಮೂರು ಚೌಕ. ಅಂಚಿಗೆ ಬೂಷ್ಟು ಹಿಡಿದಿದೆ. ಹಳೆಯದೇ? ಒದ್ದೆ ಬಟ್ಟೆಯಿಂದ ಒರೆಸಬಹುದೇ?
– ಓದುಗರು, ಕದ್ರಿ, ಮಂಗಳೂರು

ಉತ್ತರ: ಒದ್ದೆ ಬಟ್ಟೆ ಖಂಡಿತ ಬೇಡ. ಹಳೆಯ ಹಾಳೆಗಳ ಕೆಂಪು ಹೆಚ್ಚಾಗಿ ಕುಸುಬೆ ಹೂವಿನದು, ನೀಲಿಯೂ ಹಲವು ಕಡೆ ಹೂವಿನದೇ. ನೀರು ತಗುಲಿದರೆ ಹರಡುತ್ತದೆ, ಮತ್ತೆ ಸರಿಮಾಡಲು ಬರುವುದಿಲ್ಲ.

ಮೂರು ಚೌಕ, ಜಪಾನಿನ ಸಾಂಪ್ರದಾಯಿಕ ನಾಟಕವಾದ ಕಬುಕಿಯ ಇಚಿಕಾವಾ ಡಾಂಜೂರೋ ಎಂಬ ನಟರ ಮನೆತನದ ಲಾಂಛನ. ಕೆಂಪು ಗೆರೆ ವೀರನ ಗುರುತು, ಖಳನಿಗೆ ನೀಲಿ. ನೀವು ವರ್ಣಿಸಿದ ತೋಳು ನೋಡಿದರೆ ಇದು 'ಶಿಬರಾಕು' ಪ್ರಸಂಗದ ನಾಯಕನೇ ಇರಬೇಕು.

ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ಮುಖದ ಬಣ್ಣ ನೋಡಿ. ಸಣ್ಣ ಚುಕ್ಕಿಗಳ ಸಾಲು ಕಂಡರೆ ಆಫ್‌ಸೆಟ್, ಎಂದರೆ ಆಧುನಿಕ ಯಂತ್ರದ ಮುದ್ರಣ, ವಿಚಾರ ಅಲ್ಲಿಗೆ ಮುಗಿಯಿತು. ಚುಕ್ಕಿ ಇಲ್ಲದೆ ಬಣ್ಣ ಒಂದೇ ಸಮ ಹರಡಿದ್ದರೆ ಹಾಳೆ ತಿರುಗಿಸಿ, ಬೆಳಕನ್ನು ಓರೆಯಾಗಿ ಬಿಡಿ. ಹಳೆಯ ಕ್ರಮದಲ್ಲಿ ಚೆರಿ ಮರದ ಅಚ್ಚಿನ ಮೇಲೆ ಕಾಗದ ಹಾಸಿ, ಬಿದಿರಿನ ಹಾಳೆ ಸುತ್ತಿದ 'ಬಾರೆನ್' ಬಿಲ್ಲೆಯಿಂದ ಉಜ್ಜುವುದರಿಂದ ಬಣ್ಣ ಹಿಂಬದಿಗೆ ಇಳಿದಿರುತ್ತದೆ, ಉಜ್ಜಿದ ಸುತ್ತುಗೆರೆಯೂ ಕಾಣುತ್ತದೆ. ಆದರೆ ಇಷ್ಟಕ್ಕೇ ಹಳೆಯದೆಂದು ಹೇಳುವಂತಿಲ್ಲ: 20ನೇ ಶತಮಾನದಲ್ಲಿ ಇದೇ ಕ್ರಮದಲ್ಲಿ ಹೊಸದಾಗಿ ಅಚ್ಚು ಕೆತ್ತಿ ಮುದ್ರಿಸಿದ ಪ್ರತಿಗಳು ಬಹಳ ಇವೆ. ಸುಮಾರು 1790ರಿಂದ 1842ರವರೆಗಿನ ಹಾಳೆಗಳಲ್ಲಿ ಇರುತ್ತಿದ್ದ 'ಕಿವಾಮೆ' ಎಂಬ ದುಂಡು ಪರಿಶೀಲನಾ ಮುದ್ರೆಯನ್ನೂ ಅವು ನಕಲು ಮಾಡುತ್ತವೆ. ಅಳತೆ ನೋಡಿ: ಸಾಮಾನ್ಯ 'ಓಬಾನ್' ಹಾಳೆ ಸುಮಾರು 39 × 26 ಸೆಂ.ಮೀ. ಇದಕ್ಕಿಂತ ಸ್ವಲ್ಪ ಚಿಕ್ಕದಿದ್ದರೆ ಅಂಚು ಕತ್ತರಿಸಿರಬಹುದು.

ಬೂಷ್ಟಿಗೆ: ಮಾಸ್ಕ್ ಹಾಕಿ, ಜನವರಿಯ ಒಣ ದಿನ, ನೆರಳಲ್ಲಿ, ಮೆತ್ತನೆಯ ಬ್ರಶ್ಶಿನಿಂದ ಹೊರಮುಖವಾಗಿ ತಳ್ಳಿ. ಬಿಸಿಲಿಗೆ ಇಟ್ಟರೆ ಬಣ್ಣ ಹೋಗುತ್ತದೆ. ಅದೇ ದಿನ ಆಮ್ಲರಹಿತ ರಟ್ಟಿನ ನಡುವೆ ಇಟ್ಟು ಬಿಗಿ ಮುಚ್ಚಳದ ಪೆಟ್ಟಿಗೆಗೆ ಹಾಕಿ. ಮಳೆಗಾಲದಲ್ಲಿ ಮುಚ್ಚಿದರೆ ತೇವವೂ ಒಳಗೇ ಉಳಿಯುತ್ತದೆ. ಸಿಲಿಕಾ ಜೆಲ್ ಇರಲಿ, ಕಾಗದಕ್ಕೆ ತಾಗದಿರಲಿ. ಒಳಗಿನ ತೇವಮಾಪಕ ಶೇ. 50ರ ಆಸುಪಾಸು ತೋರಿಸಬೇಕು; ಶೇ. 65 ದಾಟಿದರೆ ಮತ್ತೆ ಬೂಷ್ಟು ಬರುತ್ತದೆ. ಆಟಿ ತಿಂಗಳ ಮಳೆಯಲ್ಲಿ ತೆರೆಯಲೇಬೇಡಿ. ಸೆಲ್ಲೋಟೇಪ್, ಲ್ಯಾಮಿನೇಶನ್ ಎರಡೂ ಬೇಡ.

ಪ್ರಶ್ನೆ: ಕಬುಕಿಯಲ್ಲೂ ಸ್ತ್ರೀವೇಷ ಗಂಡಸರದ್ದೇ ಅಲ್ಲವೇ? ಚಿತ್ರದಲ್ಲಿ ಗುರುತಿಸುವುದು ಹೇಗೆ?
– ಓದುಗರು, ಉಡುಪಿ

ಉತ್ತರ: ಹೌದು. 1629ರಲ್ಲಿ ಹೆಂಗಸರು ರಂಗಕ್ಕೆ ಬರುವುದನ್ನು ನಿಷೇಧಿಸಿದ ಮೇಲೆ ಹಾಗಾಯಿತು. ಆ ನಟರಿಗೆ 'ಒನ್ನಗಾತಾ' ಎನ್ನುತ್ತಾರೆ. ಹಣೆಯ ಮೇಲ್ಭಾಗ ನೋಡಿ: ಗಂಡಸರು ಬೋಳಿಸಿಕೊಳ್ಳುತ್ತಿದ್ದ ಜಾಗವನ್ನು ಮುಚ್ಚುವ ನೇರಳೆ ಬಟ್ಟೆಯ ತುಂಡು ಇರುತ್ತದೆ. ಹಳೆಯ ಹಾಳೆಗಳಲ್ಲಿ ಆ ನೇರಳೆ ಹೂವಿನ ನೀಲಿಗೆ ಕುಸುಬೆ ಕೆಂಪು ಸೇರಿಸಿದ್ದಾದ್ದರಿಂದ ಬೆಳಕಿಗೆ ಬೇಗ ಮಾಸುತ್ತದೆ. ಹಾಗಾಗಿ ಮಸುಕು ಕಂದು ಬಣ್ಣದ ತುಂಡು ಕಂಡರೂ ಅದು ಅದೇ.