ಓದುಗರ ಪ್ರಶ್ನೆ: ಈ ವಾರ ಊರು ಹುಡುಕಿದ್ದೇನು?

ಜಾಲದಲ್ಲಿ ಜನ ಹೆಚ್ಚು ಹುಡುಕಿದ ಸಂಗತಿಗಳ ಕುರಿತು ಕಾಸರಗೋಡು ಭಾಗದ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ. ಒಂದೇ ಬಗೆಯ ಪತ್ರಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

‘ಈ ವಾರ ಅತಿ ಹೆಚ್ಚು ಹುಡುಕಿದ್ದು’ ಎಂದು ಪತ್ರಿಕೆಗಳಲ್ಲಿ ಪಟ್ಟಿ ಬರುತ್ತದಲ್ಲ, ಅದನ್ನು ಎಣಿಸುವವರು ಯಾರು? ಕಾಸರಗೋಡು ಜಿಲ್ಲೆಯದ್ದನ್ನೇ ಬೇರೆಯಾಗಿ ನೋಡಬಹುದೇ? (ಬದಿಯಡ್ಕ)

ಇಂಥ ಪಟ್ಟಿಗಳ ಮೂಲ ಬಹುತೇಕ ಗೂಗಲ್ ಟ್ರೆಂಡ್ಸ್, ಅಂದರೆ ಗೂಗಲ್‌ನಲ್ಲಿ ಜನ ಏನು ಹುಡುಕುತ್ತಾರೆ ಎಂದು ತೋರಿಸುವ ಜಾಲತಾಣ. 2006ರಲ್ಲಿ ಶುರುವಾದ ಈ ಸೇವೆಯಲ್ಲಿ 2004ರಿಂದೀಚಿನ ಲೆಕ್ಕ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ, ಖಾತೆಯೂ ಬೇಕಿಲ್ಲ.

ಅದರೊಳಗೆ ಎರಡು ಕೋಣೆಗಳಿವೆ. ಜನ ಎಡವುವುದು ಇಲ್ಲೇ. ‘ಟ್ರೆಂಡಿಂಗ್ ನೌ’ ಎಂಬುದು ಇದ್ದಕ್ಕಿದ್ದಂತೆ ಏರಿದ ಹುಡುಕಾಟಗಳ ಪಟ್ಟಿ, ಅತಿ ಹೆಚ್ಚು ಹುಡುಕಿದವುಗಳದ್ದಲ್ಲ. ‘ಯೂಟ್ಯೂಬ್’, ‘ಹವಾಮಾನ’ ಎಂದು ಜನ ದಿನವೂ ಹುಡುಕುತ್ತಾರೆ. ಏರಿಳಿತ ಇಲ್ಲದ ಕಾರಣ ಇವು ಆ ಪಟ್ಟಿಗೆ ಬರುವುದು ಅಪರೂಪ. ಒಂದು ಕ್ರಿಕೆಟ್ ಪಂದ್ಯ ಎರಡೇ ಗಂಟೆಯಲ್ಲಿ ಮೇಲಕ್ಕೇರಿ ಕೂರುತ್ತದೆ. ಹಾಗಾಗಿ ಪತ್ರಿಕೆಯ ‘ಅತಿ ಹೆಚ್ಚು’ ಎಂಬ ತಲೆಬರಹವನ್ನು ‘ಹಠಾತ್ತನೆ ಹೆಚ್ಚಾದ’ ಎಂದು ಓದಿಕೊಂಡರೆ ಸತ್ಯಕ್ಕೆ ಹತ್ತಿರ. ಇನ್ನೊಂದು ಕೋಣೆ ‘ಎಕ್ಸ್‌ಪ್ಲೋರ್’. ನೀವೇ ಕೊಟ್ಟ ಪದ ಕಾಲಕಾಲಕ್ಕೆ ಹೇಗೆ ಏರಿತು, ಇಳಿಯಿತು ಎಂಬ ಗೆರೆಯನ್ನು ಅದು ಎಳೆದು ತೋರಿಸುತ್ತದೆ.

ವಾರದ ಪಟ್ಟಿ ಬೇಕಿದ್ದರೆ ‘ಟ್ರೆಂಡಿಂಗ್ ನೌ’ ತೆರೆದು, ಸ್ಥಳದಲ್ಲಿ ಭಾರತ, ಅದರೊಳಗೆ ಕೇರಳ ಆರಿಸಿ. ಅವಧಿ 24 ಗಂಟೆ ಎಂದಿರುತ್ತದೆ, ಅದನ್ನು 7 ದಿನಕ್ಕೆ ಬದಲಿಸಿ. ಅಲ್ಲಿ ಜಿಲ್ಲೆಯನ್ನು ಆರಿಸುವ ಸೌಲಭ್ಯ ಇಲ್ಲ. ‘ಎಕ್ಸ್‌ಪ್ಲೋರ್’ನಲ್ಲಿ ಕೇರಳ ಹಾಕಿದರೆ ಕೆಳಗೆ ಊರುಗಳ ಪಟ್ಟಿ ಬರಬಹುದು. ‘ಕಡಿಮೆ ಹುಡುಕಾಟದ ಪ್ರದೇಶಗಳನ್ನೂ ಸೇರಿಸು’ ಎಂಬ ಚೌಕಕ್ಕೆ ಗುರುತು ಹಾಕದಿದ್ದರೆ ಸಣ್ಣ ಊರುಗಳು ಅದರಲ್ಲಿ ಮಾಯ.

ಗಡಿಯವರಿಗೆ ಇನ್ನೊಂದು ತೊಡಕಿದೆ. ಹುಡುಕಾಟ ಯಾವ ಊರಿನದ್ದೆಂಬುದು ಬಹುಮಟ್ಟಿಗೆ ಅಂದಾಜು. ಮೊಬೈಲ್ ಡೇಟಾ ಯಾವ ನಗರದ ಮೂಲಕ ಹಾದುಹೋಗುತ್ತದೋ ಆ ನಗರದ ಲೆಕ್ಕಕ್ಕೆ ಅದು ಬೀಳಬಹುದು. ಗಡಿಯ ತಲಪಾಡಿಯಿಂದ ಈಚೆ ಕುಳಿತವರ ಹುಡುಕಾಟ ಕರ್ನಾಟಕದ್ದಾಗಬಹುದು, ಮಂಗಳೂರಿಗೆ ಕೆಲಸಕ್ಕೆ ಹೋಗುವವರದ್ದು ಹಗಲು ಅಲ್ಲಿಯದ್ದು, ರಾತ್ರಿ ಇಲ್ಲಿಯದ್ದು. ಕಾಸರಗೋಡಿನ ಕನ್ನಡಿಗರ ಹುಡುಕಾಟ ಹೀಗೆ ಎರಡು ರಾಜ್ಯಗಳಲ್ಲಿ ಹಂಚಿಹೋಗುತ್ತದೆ. ಆದ್ದರಿಂದ ಕೇರಳ, ಕರ್ನಾಟಕ ಎರಡನ್ನೂ ಹಾಕಿ ನೋಡಿ.

‘ಅಡಿಕೆ ಧಾರಣೆ’ ಎಂದು ಹಾಕಿದರೆ ಭಾನುವಾರಕ್ಕೆ 100, ಸೋಮವಾರಕ್ಕೆ 80 ಎಂದು ತೋರಿಸಿತು. ಭಾನುವಾರ ಮಾರುಕಟ್ಟೆಯೇ ಇಲ್ಲ! ನೂರೇ ಜನ ಹುಡುಕಿದ್ದೇ? ನನ್ನ ಗೆಳೆಯನ ಫೋನಿನಲ್ಲಿ ಅಂಕಿ ಬೇರೆ ಬಂತು. (ಮಂಜೇಶ್ವರ)

ನೂರು ಎಂದರೆ ನೂರು ಜನ ಅಲ್ಲ. ನೀವು ಆರಿಸಿದ ಅವಧಿ ಮತ್ತು ಜಾಗದಲ್ಲಿ ಆ ಪದ ತಲುಪಿದ ಅತಿ ಎತ್ತರದ ಬಿಂದುವಿಗೆ 100 ಎಂದು ಹೆಸರು. ಉಳಿದ ಅಂಕಿಗಳೆಲ್ಲ ಅದಕ್ಕೆ ಹೋಲಿಸಿದವು. ಆ ಎತ್ತರವೂ ಜನರ ತಲೆಯೆಣಿಕೆ ಅಲ್ಲ, ಒಟ್ಟು ಹುಡುಕಾಟದಲ್ಲಿ ಆ ಪದದ ಪಾಲು.

ಲೆಕ್ಕ ಹಾಕಿ ನೋಡೋಣ, ಅಂಕಿಗಳು ಉದಾಹರಣೆಗೆ ಮಾತ್ರ. ಸೋಮವಾರ ಒಟ್ಟು 1,00,000 ಹುಡುಕಾಟಗಳಾಗಿ, ಅವುಗಳಲ್ಲಿ ಅಡಿಕೆಯದ್ದು 200 ಎಂದಿಟ್ಟುಕೊಳ್ಳಿ. ಪಾಲು ಶೇ. 0.2. ಭಾನುವಾರ ಕಚೇರಿ ಕೆಲಸದ ಹುಡುಕಾಟ ಇಲ್ಲದೆ ಒಟ್ಟು 80,000ಕ್ಕೆ ಇಳಿಯಿತು, ಅಡಿಕೆಯದ್ದು ಮಾತ್ರ ಅದೇ 200. ಪಾಲು ಶೇ. 0.25. ಭಾನುವಾರಕ್ಕೆ 100 ಸಿಕ್ಕಿತು, ಸೋಮವಾರಕ್ಕೆ 80. ಅಡಿಕೆ ಹುಡುಕಿದವರು ಒಬ್ಬರೂ ಹೆಚ್ಚಾಗಿಲ್ಲ.

ಗೆಳೆಯನ ಅಂಕಿ ಬೇರೆ ಬರಲು ಕಾರಣ, ಟ್ರೆಂಡ್ಸ್ ಎಲ್ಲ ಹುಡುಕಾಟಗಳನ್ನೂ ಎಣಿಸುವುದಿಲ್ಲ, ಒಂದು ಹಿಡಿ ತೆಗೆದು ನೋಡುತ್ತದೆ. ಅಕ್ಕಿ ಬೆಂದಿದೆಯೇ ಎಂದು ಒಂದು ಅಗುಳು ಹಿಚುಕಿದ ಹಾಗೆ. ದೊಡ್ಡ ಪದಗಳಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ನಮ್ಮೂರಿನ ಸಣ್ಣ ಪದಗಳಲ್ಲಿ ಗೆರೆ ಕುಣಿಯುತ್ತದೆ. ನಂಬಿಕಸ್ತ ಅಂಕಿ ಬೇಕಿದ್ದರೆ ನಾಲ್ಕೈದು ಬಾರಿ ಬೇರೆ ಬೇರೆ ದಿನ ತೆಗೆದು, ಪ್ರತಿ ಸಲವೂ ಫೈಲ್ ಇಳಿಸಿಕೊಂಡು ಸರಾಸರಿ ಹಾಕಿ. ಗೆರೆಯ ತುದಿಯಲ್ಲಿ ಚುಕ್ಕೆಚುಕ್ಕೆಯಾಗಿ ಕಾಣುವ ಭಾಗ ಇನ್ನೂ ಮುಗಿಯದ ದಿನದ್ದು ಅಥವಾ ವಾರದ್ದು. ‘ಹುಡುಕಾಟ ಕುಸಿಯಿತು’ ಎಂದು ಅದನ್ನು ನೋಡಿ ಬರೆಯಬೇಡಿ.

ಹಾಗೆಯೇ ಇನ್ನೊಂದು ಮಾತು. ‘ಅಡಿಕೆ ಧಾರಣೆ’ ಎಂದಷ್ಟೇ ಹುಡುಕಿದರೆ ಮೊದಲು ಬರುವುದು ಹೆಚ್ಚಾಗಿ ಶಿವಮೊಗ್ಗ ಕಡೆಯ ‘ರಾಶಿ’, ‘ಬೆಟ್ಟೆ’ ಎಂಬ ಬಗೆಗಳ ದರ, ಅದೂ ಕ್ವಿಂಟಲಿಗೆ. ಅದು ಬೇಯಿಸಿದ ಕೆಂಪಡಿಕೆ. ನಮ್ಮದು ಹಣ್ಣಡಿಕೆಯನ್ನು ಒಣಗಿಸಿ ಸುಲಿದ ಚಾಲಿ, ಮಾತು ನಡೆಯುವುದು ಕಿಲೋ ಲೆಕ್ಕದಲ್ಲಿ. ನೂರರಿಂದ ಭಾಗಿಸಿದರೂ ಅದು ನಿಮ್ಮ ದರ ಆಗುವುದಿಲ್ಲ, ಸರಕೇ ಬೇರೆ. ‘ಚಾಲಿ’, ‘ಹೊಸ ಅಡಿಕೆ’, ‘ಹಳೆ ಅಡಿಕೆ’ ಎಂಬ ಪದಗಳ ಜತೆ ಮಂಗಳೂರು ಅಥವಾ ಪುತ್ತೂರು ಸೇರಿಸಿ ಹುಡುಕಿ.

ಕನ್ನಡ ಪದ ಹಾಕಿದರೆ ಸಾಕಷ್ಟು ಮಾಹಿತಿ ಇಲ್ಲ ಎನ್ನುತ್ತದೆ. ಕನ್ನಡಿಗರು ಏನೂ ಹುಡುಕುವುದೇ ಇಲ್ಲವೇ? (ಕುಂಬಳೆ)

ಹುಡುಕುತ್ತಾರೆ, ಇಂಗ್ಲಿಷ್ ಅಕ್ಷರದಲ್ಲಿ. ಬಾಯಲ್ಲಿ ಕನ್ನಡ, ಬೆರಳಲ್ಲಿ ಇಂಗ್ಲಿಷ್. ತೀರಾ ಕಡಿಮೆ ಹುಡುಕಾಟದ ಪದಕ್ಕೆ ಟ್ರೆಂಡ್ಸ್ ಸೊನ್ನೆ ತೋರಿಸುತ್ತದೆ. ಆ ಸೊನ್ನೆಗೆ ‘ಯಾರೂ ಹುಡುಕಿಲ್ಲ’ ಎಂಬ ಅರ್ಥ ಇಲ್ಲ.

ಕಾಗುಣಿತವೂ ಸೇರಿಕೊಂಡರೆ ಲೆಕ್ಕ ಚೂರುಚೂರು. ನಮ್ಮ ಜಿಲ್ಲೆಯ ಹೆಸರನ್ನೇ ನೋಡಿ. ಇಂಗ್ಲಿಷಿನಲ್ಲಿ ನಡುವಿನ ‘ರ’ಕ್ಕೆ ‘ಎ’ ಹಾಕಿ ಬರೆಯುವವರಿದ್ದಾರೆ, ಬಿಟ್ಟು ಬರೆಯುವವರಿದ್ದಾರೆ, ಕೊನೆಗೆ ‘ಇ’ ಅಂಟಿಸುವವರು, ‘ಯು’ ಅಂಟಿಸುವವರು ಬೇರೆ. ಕನ್ನಡದಲ್ಲಿ ಕಾಸರಗೋಡು, ಕಾಸರಗೋಡ್, ಮಲಯಾಳದಲ್ಲಿ ಇನ್ನೊಂದು. ಟ್ರೆಂಡ್ಸ್‌ಗೆ ಇವೆಲ್ಲ ಬೇರೆ ಬೇರೆ ಪದಗಳು. ‘ಅಡಿಕೆ’ ಮತ್ತು ‘ಅಡಕೆ’ಯ ಕತೆಯೂ ಇಷ್ಟೇ.

ಇದಕ್ಕೆ ಎರಡು ದಾರಿಗಳಿವೆ. ಪದಗಳ ನಡುವೆ ಕೂಡಿಸುವ ಚಿಹ್ನೆ ಹಾಕಿದರೆ (ಅಡಿಕೆ + ಅಡಕೆ) ಎರಡರಲ್ಲಿ ಯಾವುದಿದ್ದರೂ ಒಟ್ಟಿಗೆ ಎಣಿಸುತ್ತದೆ. ಇನ್ನೊಂದು ದಾರಿ ಸಲೀಸು. ಪದ ಬೆರಳಚ್ಚಿಸುವಾಗ ಕೆಳಗೆ ಇಳಿಯುವ ಪಟ್ಟಿಯಲ್ಲಿ ಅದೇ ಹೆಸರು ‘ಟಾಪಿಕ್’ ಎಂದೋ ‘ಜಿಲ್ಲೆ’, ‘ಸಸ್ಯ’ ಎಂಬ ವಿವರದೊಂದಿಗೋ ಕಾಣಿಸಿದರೆ ಅದನ್ನು ಒತ್ತಿ. ಆಗ ಎಲ್ಲ ಭಾಷೆ, ಎಲ್ಲ ಕಾಗುಣಿತ ಒಂದೇ ಬುಟ್ಟಿಗೆ ಬೀಳುತ್ತವೆ. ಕನ್ನಡದಲ್ಲೇ ಎಷ್ಟು ಹುಡುಕಿದರು ಎಂದು ತಿಳಿಯಬೇಕಾದವರು ಮಾತ್ರ ಟಾಪಿಕ್ ಬಿಟ್ಟು ಬರೀ ಪದವನ್ನು ಹಾಕಬೇಕು.

ಒಂದೇ ಸಲಕ್ಕೆ ಹಾಕಲಾಗದಷ್ಟು ಪದಗಳಿದ್ದರೆ ಗುಂಪು ಮಾಡಿಕೊಳ್ಳಿ, ಪ್ರತಿ ಗುಂಪಿನಲ್ಲೂ ‘ಮಳೆ’ಯಂಥ ಒಂದೇ ಪದವನ್ನು ಅಳತೆಗೋಲಾಗಿ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಮೊದಲ ಗುಂಪಿನ 100ಕ್ಕೂ ಎರಡನೇ ಗುಂಪಿನ 100ಕ್ಕೂ ಸಂಬಂಧವೇ ಇರುವುದಿಲ್ಲ.

ಜುಲೈಯಲ್ಲಿ ಮಕ್ಕಳ ಹೆತ್ತವರು ದಿನವೂ ಹುಡುಕುವುದು ‘ನಾಳೆ ಶಾಲೆಗೆ ರಜೆ’. ಸಿಗುವುದು ದಕ್ಷಿಣ ಕನ್ನಡದ ಸುದ್ದಿ. ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲೂ ಇದೇ ಪಾಡು. (ಮುಳ್ಳೇರಿಯ)

ಕನ್ನಡದಲ್ಲಿ ಕೇಳಿದರೆ ಹುಡುಕುಯಂತ್ರ ಕರ್ನಾಟಕಕ್ಕೇ ಮೊದಲು ಓಡುತ್ತದೆ. ‘ಜಿಲ್ಲಾಧಿಕಾರಿ’ ಎಂದು ಸೇರಿಸಿದರೂ ಪ್ರಯೋಜನ ಇಲ್ಲ, ಎರಡೂ ಕಡೆ ಅದೇ ಪದ. ‘ಕಾಸರಗೋಡು’, ‘ಕಲೆಕ್ಟರ್’ ಎರಡನ್ನೂ ಹಾಕಿ, ರಜೆಯ ಬದಲು ಮಲಯಾಳದ ‘ಅವಧಿ’ ಎಂದು ಹಾಕಿ. (ನಮಗೆ ಅವಧಿ ಎಂದರೆ ಗಡುವು, ಅವರಿಗೆ ರಜೆ.) ಆಮೇಲೆ ‘ಟೂಲ್ಸ್’ ಒತ್ತಿ, ಸಮಯವನ್ನು ಕಳೆದ 24 ಗಂಟೆಗೆ ಇಳಿಸಿ. ಇದನ್ನು ಬಿಟ್ಟವರೇ ಕಳೆದ ವರ್ಷದ ರಜೆಯನ್ನು ಈ ವರ್ಷ ವಾಟ್ಸ್ಆ್ಯಪ್ ಗುಂಪುಗಳಿಗೆ ಕಳಿಸುವುದು.

ಮಳೆಯ ಎಚ್ಚರಿಕೆಯೂ ಬೇರೆ ಬೇರೆ. ಹವಾಮಾನ ಇಲಾಖೆಯಲ್ಲಿ ದಕ್ಷಿಣ ಕನ್ನಡವನ್ನು ಬೆಂಗಳೂರು ಕೇಂದ್ರ ನೋಡಿಕೊಳ್ಳುತ್ತದೆ, ಕಾಸರಗೋಡನ್ನು ತಿರುವನಂತಪುರ ಕೇಂದ್ರ. ಮಂಗಳೂರಿಗೆ ಕೆಂಪು ಇದ್ದ ದಿನ ಇಲ್ಲಿ ಕಿತ್ತಳೆ ಇರಬಹುದು. ಕೇರಳದ ಎಚ್ಚರಿಕೆಯಲ್ಲಿ 24 ಗಂಟೆಗೆ 64.5ರಿಂದ 115.5 ಮಿ.ಮೀ. ಮಳೆಯ ಸಾಧ್ಯತೆಗೆ ಹಳದಿ, 204.4ರ ತನಕ ಕಿತ್ತಳೆ, ಅದನ್ನು ಮೀರಿದರೆ ಕೆಂಪು. ಕೆಂಪು ಬಂದ ಮಾತ್ರಕ್ಕೆ ರಜೆ ಆಗುವುದಿಲ್ಲ, ಕಲೆಕ್ಟರ್ ಆದೇಶ ಬೇಕು.

ಫಲಿತಾಂಶದ ಮಾತಿಗೆ ಬಂದರೆ, ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದರೂ ಪರೀಕ್ಷೆ ಕೇರಳದ ಪರೀಕ್ಷಾ ಭವನದ್ದು. ಎರಡು ರಾಜ್ಯಗಳಲ್ಲೂ ಪರೀಕ್ಷೆಯ ಹೆಸರು ಒಂದೇ ಆದದ್ದರಿಂದ ‘ಕೇರಳ’ ಎಂದು ಸೇರಿಸಲೇಬೇಕು. ತೆರೆದ ಪುಟದಲ್ಲಿ 625 ಅಂಕಗಳ ಮಾತಿದ್ದರೆ ಮುಚ್ಚಿಬಿಡಿ, ಅದು ಕರ್ನಾಟಕದ್ದು. ನಮ್ಮಲ್ಲಿ ಎ ಪ್ಲಸ್‌ನಿಂದ ಶುರುವಾಗುವ ಗ್ರೇಡ್. ಹುಡುಕಾಟಕ್ಕಿಂತ ‘ಸಫಲಂ’ ಆ್ಯಪ್ ಅಥವಾ ಡಿಜಿಲಾಕರ್ ಮೇಲು. ಫಲಿತಾಂಶದ ದಿನ ಜಾಲತಾಣಗಳು ಏದುಸಿರು ಬಿಡುತ್ತಿರುತ್ತವೆ.

ಮಳೆಗಾಲದ ಮೊದಲ ವಾರ ನಮ್ಮೂರಿನವರೆಲ್ಲ ಹುಡುಕುವುದು ಬೋರ್ಡೋ ದ್ರಾವಣದ ಅನುಪಾತ. ಒಂದು ಕಡೆ 1:1:100, ಇನ್ನೊಂದು ಕಡೆ 1:1:10, ಮತ್ತೊಂದು ಕಡೆ 5:5:50. ಯಾವುದು ಸರಿ? (ಎಣ್ಮಕಜೆ)

ಮೂರೂ ಸರಿ. ತಪ್ಪಿರುವುದು ಯಾವುದು ಯಾವುದಕ್ಕೆ ಎಂದು ಹೇಳದ ಪುಟಗಳಲ್ಲಿ. ಅಡಿಕೆಯ ಕೊಳೆರೋಗಕ್ಕೆ ಗೊನೆಗೆ ಸಿಂಪಡಿಸಲು ಶೇ. 1ರ ದ್ರಾವಣ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. 1:1:10 ಎಂಬುದು ಗಾಯಗಳಿಗೆ ಹಚ್ಚುವ ಪೇಸ್ಟ್. ಅದನ್ನು ಸಿಂಪಡಿಸುವವರು ಹತ್ತು ಪಟ್ಟು ಗಟ್ಟಿ ಹೊಡೆದಂತಾಯಿತು. 5:5:50 ಹಳೆಯ ಪೌಂಡು–ಗ್ಯಾಲನ್ ಲೆಕ್ಕ. ಬ್ರಿಟಿಷ್ ಗ್ಯಾಲನ್ ನೀರು 10 ಪೌಂಡು ತೂಗುತ್ತದೆ, 50 ಗ್ಯಾಲನ್ ಎಂದರೆ 500 ಪೌಂಡು, ಅದಕ್ಕೆ 5 ಪೌಂಡು ತುತ್ತು. ಅಲ್ಲಿಗೆ ಅದೂ ಶೇ. 1. ಅದನ್ನೇ ಕಿಲೋ–ಲೀಟರ್ ಎಂದು ಓದಿದರೆ ಮತ್ತೆ ಹತ್ತು ಪಟ್ಟು.

ತುತ್ತನ್ನು 50 ಲೀಟರ್ ನೀರಿನಲ್ಲಿ, ಸುಣ್ಣವನ್ನು ಉಳಿದ 50 ಲೀಟರಿನಲ್ಲಿ ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಕದಡಿ. ಕಬ್ಬಿಣದ ಪಾತ್ರೆ ಬೇಡ, ತುತ್ತು ಅದನ್ನು ತಿನ್ನುತ್ತದೆ. ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕದಡಬೇಕು, ತಿರುಗಾಮುರುಗಾ ಮಾಡಬೇಡಿ. ಉಜ್ಜಿದ ಕತ್ತಿಯ ಅಲಗನ್ನು ಒಂದೆರಡು ನಿಮಿಷ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ತಾಮ್ರ ಕೂತಿದ್ದರೆ ಸುಣ್ಣ ಸಾಲದು. ಕೆಂಪು ಕಾಣದಾಗುವ ತನಕ ಸುಣ್ಣದ ನೀರು ಸೇರಿಸಿ. ಹಳೆಯ, ಗಾಳಿಗೆ ಬಿದ್ದು ಪುಡಿಯಾದ ಸುಣ್ಣದಲ್ಲಿ ಹೀಗಾಗುವುದೇ ಹೆಚ್ಚು. ಮಾಡಿದ ದಿನವೇ ಮುಗಿಸಿ.

ಜನ ‘ಡೆಂಗಿ ಲಕ್ಷಣ’ ಎಂದು ಹೆಚ್ಚು ಹುಡುಕಿದರೆ ಊರಲ್ಲಿ ಡೆಂಗಿ ಹೆಚ್ಚಾಗಿದೆ ಎನ್ನಬಹುದೇ? (ಪೆರ್ಲ)

ಎನ್ನಲಾಗದು. ಗೂಗಲ್ಲೇ ಇದನ್ನು ಮಾಡಿ ನೋಡಿತ್ತು. 2008ರಲ್ಲಿ ಶುರುವಾದ ಅದರ ‘ಫ್ಲೂ ಟ್ರೆಂಡ್ಸ್’ ಹುಡುಕಾಟದಿಂದ ಜ್ವರದ ಅಂದಾಜು ಕೊಡುತ್ತಿತ್ತು. ಅಮೆರಿಕದ 2012–13ರ ಚಳಿಗಾಲದಲ್ಲಿ ಅದರ ಅಂದಾಜು ಅಲ್ಲಿನ ಆರೋಗ್ಯ ಇಲಾಖೆಯ ಲೆಕ್ಕದ ಸುಮಾರು ಎರಡು ಪಟ್ಟಾಯಿತು. 2015ರಲ್ಲಿ ಅಂದಾಜು ಪ್ರಕಟಿಸುವುದನ್ನೇ ನಿಲ್ಲಿಸಿದರು. ಟಿ.ವಿ.ಯಲ್ಲಿ ಸುದ್ದಿ ಬಂದರೆ ಆರೋಗ್ಯವಂತರೂ ಹುಡುಕುತ್ತಾರೆ. 2020ರ ಫೆಬ್ರವರಿ 3ರಂದು ದೇಶದ ಮೂರನೇ ಕೊರೊನಾ ಪ್ರಕರಣ ಕಾಞಂಗಾಡಿನಲ್ಲಿ ಪತ್ತೆಯಾದಾಗ ಜಿಲ್ಲೆಯಲ್ಲಿ ರೋಗಿ ಒಬ್ಬರೇ, ಗಾಬರಿ ಎಲ್ಲರಿಗೂ. ಕೇರಳದ ಆರೋಗ್ಯ ನಿರ್ದೇಶನಾಲಯ ಸಾಂಕ್ರಾಮಿಕ ರೋಗಗಳ ದೈನಿಕ ವರದಿ ಕೊಡುತ್ತದೆ, ಜಿಲ್ಲೆವಾರು ಅಂಕಿ ಅದರಲ್ಲಿದೆ. ಲಕ್ಷಣ ಇದ್ದವರು ಹುಡುಕುತ್ತ ಕೂರದೆ ಕೇರಳದ ಆರೋಗ್ಯ ಸಹಾಯವಾಣಿ ‘ದಿಶಾ’ 1056ಕ್ಕೆ ಕರೆ ಮಾಡಲಿ.

ನಾನು ಹುಡುಕಿದ್ದು ಬೇರೆಯವರಿಗೆ ಟ್ರೆಂಡ್ಸ್‌ನಲ್ಲಿ ಕಾಣುತ್ತದೆಯೇ? (ಉಪ್ಪಳ)

ಇಲ್ಲ. ಅಲ್ಲಿ ಯಾರ ಹೆಸರೂ ಇಲ್ಲ. ಒಬ್ಬರೇ ಸ್ವಲ್ಪ ಹೊತ್ತಿನೊಳಗೆ ಮತ್ತೆ ಮತ್ತೆ ಹುಡುಕಿದ್ದನ್ನೂ ಲೆಕ್ಕದಿಂದ ತೆಗೆಯುತ್ತಾರೆ. ಮನೆಯವರು ನೋಡಿಯಾರು ಎಂಬ ಚಿಂತೆಯಾದರೆ, ನೀವು ಹುಡುಕಿದ್ದರ ದಾಖಲೆ ಇರುವುದು ನಿಮ್ಮ ಗೂಗಲ್ ಖಾತೆಯ ‘ಮೈ ಆ್ಯಕ್ಟಿವಿಟಿ’ಯಲ್ಲಿ. 3, 18 ಅಥವಾ 36 ತಿಂಗಳಿಗಿಂತ ಹಳೆಯದು ತಾನಾಗಿ ಅಳಿಯುವಂತೆ ಹೊಂದಿಸಬಹುದು.

ನಮ್ಮ ಗ್ರಂಥಾಲಯದ ಗೋಡೆಪತ್ರಿಕೆಗೆ ‘ವಾರದಲ್ಲಿ ಕನ್ನಡಿಗರು ಹೆಚ್ಚು ಓದಿದ್ದು’ ಎಂಬ ಅಂಕಣ ಬೇಕು. ಪಾಲುಗೀಲು ಬೇಡ, ನಿಜವಾದ ಎಣಿಕೆ ಬೇಕು. (ಕಾಸರಗೋಡು)

ಕನ್ನಡ ವಿಕಿಪೀಡಿಯಕ್ಕೆ ಹೋಗಿ. ಅದರ ಪುಟಗಳ ವೀಕ್ಷಣೆಯ ಎಣಿಕೆ 2015ರ ಜುಲೈಯಿಂದ ಎಲ್ಲರಿಗೂ ತೆರೆದಿದೆ. ‘ಟಾಪ್‌ವ್ಯೂಸ್’ ಉಪಕರಣದಲ್ಲಿ ಕನ್ನಡ ಆವೃತ್ತಿಯನ್ನು ಆರಿಸಿ, ಏಳು ದಿನಗಳ ಪಟ್ಟಿಯನ್ನು ದಿನಕ್ಕೊಂದರಂತೆ ನೋಡಿ ಮುಂದಿರುವ ಹೆಸರುಗಳನ್ನು ಬರೆದುಕೊಳ್ಳಿ. ಅವನ್ನು ‘ಪೇಜ್‌ವ್ಯೂಸ್’ ಉಪಕರಣಕ್ಕೆ ಹಾಕಿ ವಾರದ ದಿನಾಂಕ ಕೊಟ್ಟರೆ ಪ್ರತಿಯೊಂದರ ಒಟ್ಟು ಸಿಗುತ್ತದೆ. ಮುಖಪುಟ, ‘ವಿಶೇಷ’ ಎಂದು ಶುರುವಾಗುವ ಪುಟಗಳು ಇವನ್ನೆಲ್ಲ ತೆಗೆದುಹಾಕಿ. ಮೊಬೈಲಿನಿಂದ ಓದಿದವರ ಪಾಲು ಶೇ. 5ಕ್ಕಿಂತ ಕಡಿಮೆ ಅಥವಾ 95ಕ್ಕಿಂತ ಹೆಚ್ಚಿರುವ ಪುಟವನ್ನು ನಂಬಬೇಡಿ, ಮನುಷ್ಯರ ಬದಲು ಯಂತ್ರ ಓದಿರುವ ಸಂಭವ ಹೆಚ್ಚು. ಅಲ್ಲಿಯ ದಿನ ಶುರುವಾಗುವುದು ನಮ್ಮ ಬೆಳಗಿನ 5.30ಕ್ಕೆ.

ಅಭ್ಯಾಸಕ್ಕೆ ಮಂಜೇಶ್ವರ ಗೋವಿಂದ ಪೈಯವರ ಪುಟ ಹಾಕಿ, ಅವರ ಜನ್ಮದಿನ ಮಾರ್ಚ್ 23 ನಡುವೆ ಬರುವಂತೆ ಮಾರ್ಚ್ 20ರಿಂದ 26ರ ತನಕ ಆರಿಸಿ. ಎಣಿಕೆ ಸಣ್ಣದಿರುವಲ್ಲಿ ಒಂದು ತರಗತಿಯ ನಲವತ್ತು ಮಕ್ಕಳು ಮನೆಗೆಲಸಕ್ಕೆಂದು ಒಂದೇ ಪುಟ ತೆರೆದರೂ ಗೆರೆ ಮೇಲೇಳುತ್ತದೆ. ಹಾಗೆ ಎದ್ದದ್ದು ಕಂಡರೆ ಹತ್ತಿರದ ಶಾಲೆಯ ಕನ್ನಡ ಅಧ್ಯಾಪಕರನ್ನು ಮೊದಲು ವಿಚಾರಿಸಿ.