ನೀರಿಲ್ಲದೆ ಬರುವ ಅಗ್ನಿಶಾಮಕ ವಾಹನ

ಓದುಗರ ಪತ್ರದ ಸಾರ: ನ್ಯೂಯಾರ್ಕ್ ನಗರದ ಅಗ್ನಿಶಾಮಕ ಇಲಾಖೆಯನ್ನು ಕುರಿತ ನಿಮ್ಮ ಲೇಖನದಲ್ಲಿ, ಒಂದು ಕಟ್ಟಡಕ್ಕೆ ಬೆಂಕಿ ಬಿದ್ದರೆ ಐದಾರು ವಾಹನಗಳು ಹೊರಡುತ್ತವೆ, ಅವುಗಳಲ್ಲಿ ಕೆಲವಕ್ಕೆ ನೀರಿನ ತೊಟ್ಟಿಯೂ ಪಂಪೂ ಇರುವುದಿಲ್ಲ ಎಂದಿದೆ. ಎಲ್ಲ ಸಲಕರಣೆಗಳನ್ನೂ ಹೊತ್ತ ಒಂದೇ ದೊಡ್ಡ ವಾಹನವನ್ನು ಕಳಿಸಿದರೆ ಹಣವೂ ಉಳಿಯುತ್ತದೆ, ಜನವೂ ಕಡಿಮೆ ಸಾಕಲ್ಲವೆ?

ಸಂಪಾದಕರ ಉತ್ತರ:

ಮಾನ್ಯರೆ, ವಾಹನಗಳನ್ನಷ್ಟೇ ಎಣಿಸಿದರೆ ನಿಮ್ಮ ಲೆಕ್ಕ ಸರಿಯೆಂದೇ ತೋರುತ್ತದೆ. ಆದರೆ ಉರಿಯುವ ಕಟ್ಟಡದಲ್ಲಿ ಏಕಕಾಲಕ್ಕೆ ನಡೆಯಬೇಕಾದ ಕೆಲಸಗಳು ಹಲವು. ಯಾವುದನ್ನು ಯಾರು ಮಾಡಬೇಕೆಂಬುದು ಠಾಣೆಯಿಂದ ಹೊರಡುವ ಮೊದಲೇ ನಿಗದಿಯಾಗಿರಬೇಕು. ನ್ಯೂಯಾರ್ಕಿನ ಇಡೀ ವ್ಯವಸ್ಥೆ ನಿಂತಿರುವುದು ಈ ನಿಯಮದ ಮೇಲೆ.

ಸಂಬಳದ ಸಿಬ್ಬಂದಿಯುಳ್ಳ ದಳ ಅಲ್ಲಿ ಸ್ವಯಂಸೇವಕರ ಸ್ಥಾನಕ್ಕೆ ಬಂದದ್ದು 1865ರಲ್ಲಿ. ಇಂದು ಅಲ್ಲಿ ಸುಮಾರು 200 ಇಂಜಿನ್ ತುಕಡಿಗಳೂ 140ಕ್ಕೂ ಹೆಚ್ಚು ಏಣಿ ತುಕಡಿಗಳೂ ಇವೆ. ಹಲವು ತುಕಡಿಗಳು ಸೇರಿ ಒಂದು ಬೆಟಾಲಿಯನ್, ಹಲವು ಬೆಟಾಲಿಯನ್‌ಗಳು ಸೇರಿ ಒಂದು ಡಿವಿಷನ್ ಆಗುತ್ತದೆ. ಸ್ಥಳದಲ್ಲಿ ಅಪ್ಪಣೆ ಕೊಡುವವರು ಮೊದಲಿಗೆ ಬೆಟಾಲಿಯನ್ ಮುಖ್ಯಸ್ಥರು.

ಇಂಜಿನ್ ತುಕಡಿಯದು ನೀರಿನ ಕೆಲಸ. ಅದರ ತೊಟ್ಟಿಯಲ್ಲಿರುವುದು 500 ಗ್ಯಾಲನ್, ಅಂದರೆ ಸುಮಾರು 1,900 ಲೀಟರ್ ಮಾತ್ರ. ಮನೆಯೊಳಗೆ ಎಳೆದೊಯ್ಯುವ ಒಂದು ಹೋಸ್ ನಿಮಿಷಕ್ಕೆ 180 ಗ್ಯಾಲನ್ ಚಿಮ್ಮಿಸಿದರೂ ಆ ತೊಟ್ಟಿ ಮೂರು ನಿಮಿಷದೊಳಗೆ ಬರಿದಾಗುತ್ತದೆ. ಆದುದರಿಂದ ಚಾಲಕ ವಾಹನವನ್ನು ಬೀದಿಯ ಹೈಡ್ರೆಂಟಿಗೆ, ಅಂದರೆ ಬೆಂಕಿ ಆರಿಸಲೆಂದೇ ಇರುವ ನೀರಿನ ನಲ್ಲಿಗೆ, ಜೋಡಿಸಿ ಪಂಪಿನ ಬಳಿಯೇ ನಿಲ್ಲುತ್ತಾನೆ. ಉಳಿದವರಲ್ಲಿ ಒಬ್ಬ ಹೋಸಿನ ತುದಿಯ ನಾಝಲ್ ಹಿಡಿದರೆ, ಇನ್ನೊಬ್ಬ ಅವನ ಬೆನ್ನಿಗೆ ನಿಂತು ನೀರಿನ ಒತ್ತಡಕ್ಕೆ ಒದೆಯುವ ಹೋಸನ್ನು ಬಿಗಿಹಿಡಿಯುತ್ತಾನೆ, ಮತ್ತೊಬ್ಬ ಬಾಗಿಲು, ತಿರುವುಗಳಲ್ಲಿ ಅದು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳುತ್ತಾನೆ. ನೀರು ತುಂಬಿದ ಹೋಸಿನ ಭಾರ ಬಲ್ಲವರು ಇದಕ್ಕೆ ಜನ ಹೆಚ್ಚಾಯಿತೆಂದು ಹೇಳಲಾರರು.

ಈಗ ನಿಮ್ಮ ಆಕ್ಷೇಪಕ್ಕೆ ಗುರಿಯಾದ, ನೀರಿಲ್ಲದ ವಾಹನ. ಅದು ಏಣಿ ತುಕಡಿಯದು. ಅಧಿಕಾರಿಯೊಬ್ಬರ ಜೊತೆ ಐವರು ಅದರಲ್ಲಿ ಬರುತ್ತಾರೆ. ಬೀಗ ಹಾಕಿದ ಬಾಗಿಲನ್ನು ಮೀಟುವುದು, ಹೊಗೆಯಲ್ಲಿ ತಡಕಾಡಿ ಒಳಗಿದ್ದವರನ್ನು ಹುಡುಕುವುದು, ಮಾಡಿಗೆ ಹತ್ತಿ ಹೊಗೆಗೂ ಕಾವಿಗೂ ದಾರಿ ಮಾಡುವುದು, ಕಿಟಕಿಗೆ ಏಣಿ ಚಾಚುವುದು ಇವರ ಪಾಲಿನವು. ಬಾಗಿಲು ಮೀಟಲು ಇವರು ಬಳಸುವ ಹ್ಯಾಲಿಗನ್ ಎಂಬ ಹಾರೆಯನ್ನು 1940ರ ದಶಕದಲ್ಲಿ ರೂಪಿಸಿದವರು ಇದೇ ಇಲಾಖೆಯ ಅಧಿಕಾರಿ ಹ್ಯೂ ಹ್ಯಾಲಿಗನ್. ಇಂದು ಅನೇಕ ದೇಶಗಳ ದಳಗಳಲ್ಲಿ ಅದು ಬಳಕೆಯಲ್ಲಿದೆ. ಇಲ್ಲೊಂದು ಸೂಕ್ಷ್ಮವಿದೆ. ನಾಝಲ್ ಸಿದ್ಧವಾಗುವ ಮೊದಲೇ ಕಿಟಕಿ ಒಡೆದರೆ ಒಳನುಗ್ಗುವ ಗಾಳಿಯಿಂದ ಬೆಂಕಿ ಭುಗಿಲೇಳುತ್ತದೆ. ತಡವಾದರೆ ಒಳಗಿರುವವರು ಉಸಿರುಗಟ್ಟುತ್ತಾರೆ. ಎರಡು ತುಕಡಿಗಳು ರೇಡಿಯೊದಲ್ಲಿ ಮಾತಾಡಿಕೊಂಡೇ ಈ ಹೊತ್ತನ್ನು ಸಾಧಿಸಬೇಕು. ಒಂದೇ ವಾಹನದ ನಾಲ್ವರು ಇದೆಲ್ಲವನ್ನೂ ಒಂದರ ನಂತರ ಒಂದಾಗಿ ಮಾಡಹೊರಟರೆ, ಕೊನೆಯ ಕೆಲಸದ ಸರದಿ ಬರುವಷ್ಟರಲ್ಲಿ ಕೋಣೆಯಲ್ಲಿದ್ದ ಜೀವ ಉಳಿದಿರುವುದಿಲ್ಲ.

ನೂರು ಅಡಿಯ ಏಣಿಗೂ ಮಿತಿಯಿದೆ. ಸುಮಾರು ಹತ್ತು ಅಂತಸ್ತಿನ ಮೇಲೆ ಅದು ನಿಲುಕದು. ಅಂಥಲ್ಲಿ ಸಿಬ್ಬಂದಿ ಸುರುಳಿ ಹೋಸುಗಳನ್ನು ಹೆಗಲ ಮೇಲೆ ಹೊತ್ತು, ಬೆಂಕಿಯ ಕೆಳಗಿನ ಅಂತಸ್ತಿಗೆ ಹೋಗಿ, ಕಟ್ಟಡದೊಳಗೇ ಕೂರಿಸಿರುವ ನೀರಿನ ಕೊಳವೆಗೆ ಜೋಡಿಸುತ್ತಾರೆ. ರೇಡಿಯೊ ಕೈಕೊಡುವ ಅಪಾಯವೂ ಅಲ್ಲಿ ಹೆಚ್ಚು. ವಿಶ್ವ ವಾಣಿಜ್ಯ ಕೇಂದ್ರದ ಅವಳಿ ಗೋಪುರಗಳ ಮೇಲೆ ದಾಳಿ ನಡೆದ 2001ರ ಸೆಪ್ಟೆಂಬರ್ 11ರಂದು ಈ ಇಲಾಖೆಯ 343 ಮಂದಿ ಪ್ರಾಣ ತೆತ್ತರು. ಅಂದು ಗೋಪುರಗಳೊಳಗೆ ಸಂಪರ್ಕ ಸರಿಯಾಗಿ ಸಾಧ್ಯವಾಗದಿದ್ದುದನ್ನು ನಂತರದ ತನಿಖಾ ಆಯೋಗ ವಿವರವಾಗಿ ದಾಖಲಿಸಿತು. ಉಪಕರಣವೆಂದರೆ ಕೆಂಪು ವಾಹನವಷ್ಟೇ ಎಂದುಕೊಳ್ಳುವವರು ಆ ಪುಟಗಳನ್ನು ಓದಲೇಬೇಕೆಂದು ನನ್ನ ಒತ್ತಾಯ.

ಇವಲ್ಲದೆ ಐದು ವಿಶೇಷ ರಕ್ಷಣಾ ತುಕಡಿಗಳಿವೆ. ಮೊದಲನೆಯದು 1915ರಲ್ಲಿ ಆರಂಭವಾಯಿತು. ಬಂದರಿಗೆ ಅಗ್ನಿಶಾಮಕ ದೋಣಿಗಳಿವೆ. ನಗರದ ತುರ್ತು ಆಂಬುಲೆನ್ಸ್ ಸೇವೆ 1996ರಲ್ಲಿ ಇದೇ ಇಲಾಖೆಗೆ ಸೇರಿತು. ಬೆಂಕಿ ಖಚಿತವಾದೊಡನೆ, ಒಳಹೊಕ್ಕ ಸಿಬ್ಬಂದಿಯೇ ಸಿಕ್ಕಿಬಿದ್ದರೆ ಹೊರತರಲೆಂದು ಒಂದು ಏಣಿ ತುಕಡಿಯನ್ನು ಬೇರೆಯಾಗಿ ಕಾಯಲು ನಿಲ್ಲಿಸುತ್ತಾರೆ. ಕೈಕಟ್ಟಿ ನಿಂತಂತೆ ಕಾಣುವ ಈ ಜನರನ್ನು ವ್ಯರ್ಥವೆನ್ನಲು ನನಗೆ ಮನಸ್ಸು ಬಾರದು.

ಉಳಿತಾಯದ ಲೆಕ್ಕದಲ್ಲಿ ಇನ್ನೊಂದನ್ನು ಸೇರಿಸಿಕೊಳ್ಳಿ. ದೊಡ್ಡ ಬೆಂಕಿಗೆ ಹಲವು ತುಕಡಿಗಳು ಹೊರಟು ಒಂದು ಪ್ರದೇಶದ ಠಾಣೆಗಳು ಖಾಲಿಯಾದಾಗ, ನಿಯಂತ್ರಣ ಕೊಠಡಿಯವರು ದೂರದ ತುಕಡಿಗಳನ್ನು ಕರೆಸಿ ಆ ಖಾಲಿ ಠಾಣೆಗಳಲ್ಲಿ ಕೂರಿಸುತ್ತಾರೆ. ಅದೇ ಬೀದಿಯಿಂದ ಎರಡನೆಯ ಕರೆ ಬಂದರೆ ಹೊರಡುವವರು ಅವರೇ.